ಖಾಲಿ ಹೊತ್ತು

ಬೆಳಿಗ್ಗೆ ಎಂಟಕ್ಕೆ ಕುರ್ಚಿಯಲ್ಲಿ ಕೂತ ನೀಲಗಂಗಾ ಬೆಟಗೇರಿ ತಲೆ ಎತ್ತಿದ್ದು ಹನ್ನೊಂದೂವರೆಗೆ. ಮೂರೂವರೆ ತಾಸಿನಲ್ಲಿ ಒಂದು ಲೋಟ ನೀರು ಕುಡಿಯಲಿಕ್ಕೂ ಎದ್ದಿರಲಿಲ್ಲ. ಗೋಡೆಯ ಮೇಲಿನ ಪರದೆ ಮಾತ್ರ ಅವಳ ಹೆಸರಿನ ಮುಂದೆ ನೂರಾ ಆರು ನಿಮಿಷ ಎಂದು ತೋರಿಸುತ್ತಿತ್ತು. ಉಳಿದ ನೂರಾ ನಾಲ್ಕು ನಿಮಿಷವನ್ನು ಕೆಂಪು ಪಟ್ಟಿಗೆ ಹಾಕಿ, ಪಕ್ಕದಲ್ಲಿ 'ಖಾಲಿ ಹೊತ್ತು' ಎಂದು ಬರೆದಿತ್ತು.

"ಖಾಲಿ ಅಂತ, ಖಾಲಿ. ಇದನ್ನ ಕಂಡಹಿಡದಾನಲ್ಲ, ಅವನ ತಲಿ ಖಾಲಿ" ಎಂದು ಅವಳು ಗಟ್ಟಿಯಾಗಿಯೇ ಅಂದಳು.

ಅಕ್ಕಪಕ್ಕದವರು ಯಾರೂ ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಅದೂ ಖಾಲಿ ಹೊತ್ತೇ.

ಹುಬ್ಬಳ್ಳಿಯ ಆ ಕಚೇರಿಯಲ್ಲಿ ಮೂವತ್ತೊಂದು ಜನ ಕೂತು ಡಯಾಲಿಸಿಸ್ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದರು. ಕಿಡ್ನಿ ಕೈಕೊಟ್ಟವರ ರಕ್ತವನ್ನು ಹೊರಗೆ ತೆಗೆದು, ಸೋಸಿ, ಮೈಯಲ್ಲಿ ನಿಂತ ನೀರು ಬಸಿದು, ಮತ್ತೆ ಒಳಗೆ ಬಿಡುವ ಯಂತ್ರಗಳು ಅವು. ಏಳು ಜಿಲ್ಲೆಗಳ ಸಣ್ಣ ಸಣ್ಣ ಊರುಗಳಲ್ಲಿ ಒಟ್ಟು ಎಂಟುನೂರು ಯಂತ್ರ. ಹತ್ತು ಹನ್ನೆರಡು ರೋಗಿಗಳಿಗೆ ಒಬ್ಬಳೇ ನರ್ಸ್ ಇದ್ದರೂ ನಡೆಯುವಂತೆ ಅವುಗಳನ್ನು ಮಾಡಿದ್ದರು. ರೋಗಿಯ ರಕ್ತದೊತ್ತಡ ಇಳಿಯಿತೋ, ಯಂತ್ರ ತಾನೇ ನೀರು ಬಸಿಯುವುದನ್ನು ನಿಲ್ಲಿಸಿ ನರ್ಸನ್ನು ಕೂಗಿ ಕರೆಯುತ್ತದೆ. ಆ ಬುದ್ಧಿಯನ್ನು ಯಂತ್ರಕ್ಕೆ ಬರೆದುಕೊಟ್ಟವಳು ನೀಲಗಂಗಾ.

ಪ್ರೋಗ್ರಾಮ್ ಬರೆಯುವವರಿಗೆ ಒಂದು ಭಂಡಾರವಿರುತ್ತದೆ. ಯಾವ ಸಾಲನ್ನು ಯಾರು ಬದಲಿಸಿದರು, ಎಷ್ಟು ಗಂಟೆಗೆ, ಯಾಕೆ, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಹತ್ತು ವರ್ಷದ ಹಿಂದಿನ ಬದಲಾವಣೆ ಕೇಳಿದರೂ ತೆಗೆದು ಮುಂದಿಡುತ್ತದೆ. ಮಾಡಿದ ಬದಲಾವಣೆಯನ್ನು ಅದಕ್ಕೆ ಒಪ್ಪಿಸುವುದಕ್ಕೆ 'ಕಮಿಟ್ ಮಾಡುವುದು' ಅನ್ನುತ್ತಾರೆ. ತಪ್ಪಾದರೆ ಹಿಂದಕ್ಕೆ ಹೋಗಿ ಸರಿಮಾಡಲಿಕ್ಕೆಂದು ಹಿರಿಯರು ಮಾಡಿಟ್ಟ ಒಳ್ಳೆಯ ವ್ಯವಸ್ಥೆ ಅದು. ಎಂಟು ತಿಂಗಳ ಹಿಂದೆ ಯಾವನೋ ಪುಣ್ಯಾತ್ಮನಿಗೆ ಹೊಳೆಯಿತು: ಎಲ್ಲಾ ಇದರಲ್ಲೇ ಬರೆದಿರುವಾಗ ಕೆಲಸದ ಹೊತ್ತನ್ನೂ ಇದರಿಂದಲೇ ಯಾಕೆ ಅಳೆಯಬಾರದು?

ಹಾಗೆ ಬಂದದ್ದು 'ಗಳಿಗೆ'. ಒಬ್ಬೊಬ್ಬರ ಕಮಿಟ್ ನೋಡಿ ಅದಕ್ಕೆ ಇಂತಿಷ್ಟು ನಿಮಿಷ ಎಂದು ಅದು ತಾನೇ ಕಟ್ಟುತ್ತದೆ. ಪರದೆಯ ಬಣ್ಣದಂಥ ಸಾಲು ಬದಲಿಸಿದರೆ ಎರಡು ನಿಮಿಷ. ರೋಗಿಯ ಪ್ರಾಣಕ್ಕೆ ಸಂಬಂಧಪಟ್ಟ ಸಾಲಾದರೆ ಏಳು. ಕೂತು ಯೋಚಿಸಿದರೆ ಸೊನ್ನೆ. ಇನ್ನೊಬ್ಬರು ಬರೆದದ್ದನ್ನು ಓದಿ ತಪ್ಪು ತೋರಿಸಿದರೆ ಸೊನ್ನೆ. ಬರೆದದ್ದನ್ನು ಪರೀಕ್ಷೆಗೆ ಹಚ್ಚಿ ಕಾಯುತ್ತ ಕೂತರೆ ಅದಕ್ಕೂ ಸೊನ್ನೆ. ಅರ್ಧ ದಿನಕ್ಕೆ ನೂರಾ ಇಪ್ಪತ್ತು ನಿಮಿಷ ಆಗಲೇಬೇಕು, ಆಗದೆ ಹೊರಗಿನ ಗೇಟು ಕಾರ್ಡಿಗೆ ತೆರೆಯುವುದಿಲ್ಲ.

ನೀಲಗಂಗಾಳ ಕೆಲಸವೆಲ್ಲ ನಡೆಯುವುದು ತೊಡೆಯ ಮೇಲಿನ ಪಾಟಿಯಲ್ಲಿ. ಮಕ್ಕಳು ಅಕ್ಷರ ಕಲಿಯುವ ಕಲ್ಲಿನ ಪಾಟಿ. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಎರಡು ದಿನ ಪಾಟಿ ತಿಕ್ಕಿ ಮೂರನೆಯ ದಿನ ಯಂತ್ರಕ್ಕೆ ನಾಲ್ಕು ಸಾಲು ಬರೆದಳೆಂದರೆ ಆ ನಾಲ್ಕು ಸಾಲನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಹಾಗೇ ನಡೆದಿತ್ತು. ಈಗ ಆ ಪಾಟಿಯ ಕೆಲಸವಿಷ್ಟೂ ಕೆಂಪು ಪಟ್ಟಿಗೆ ಬೀಳುತ್ತಿತ್ತು. ಅದನ್ನು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅಕ್ಕಾರ, ಗೋಡಿ ಕೂಡ ಏನ ಜಗಳಾ ಆಡ್ತೀರಿ" ಎಂದ ಪಕ್ಕದ ಕುರ್ಚಿಯ ದಾವಲ್ ನದಾಫ್. "ಒಂದೀಟು ಕೈಯಾಡಿಸಿಬಿಡ್ರಿ. ಮುಗೀತು."

ಕೈಯಾಡಿಸುವುದೆಂದರೆ ಗಳಿಗೆಯ ಹೊಟ್ಟೆ ತುಂಬಿಸಲು ಕಚೇರಿಯವರು ಕಂಡುಕೊಂಡ ದಾರಿ. ಒಂದು ಅಂಕಿ ಬದಲಿಸಿ ಕಮಿಟ್ ಮಾಡುವುದು, ಮರುಕ್ಷಣ ಅದನ್ನೇ ಮೊದಲಿನಂತೆ ಮಾಡಿ ಇನ್ನೊಂದು ಕಮಿಟ್. ಪ್ರೋಗ್ರಾಮ್ ಇದ್ದ ಹಾಗೇ ಇರುತ್ತದೆ, ನಿಮಿಷ ಬೆಳೆಯುತ್ತದೆ. ದಾವಲ್ ಅದರಲ್ಲಿ ಪಳಗಿದವನು. ಮನೆಯಲ್ಲಿ ಎರಡು ವರ್ಷದ ಅವಳಿ ಮಕ್ಕಳು. ಐದು ಗಂಟೆಗೆ ಹೊರಡದಿದ್ದರೆ ನಡೆಯುತ್ತಿರಲಿಲ್ಲ. ಕೈಯಾಡಿಸುವವರಲ್ಲಿ ಒಂದು ಕಟ್ಟಳೆಯೂ ಇತ್ತು: ಬಣ್ಣದ ಸಾಲನ್ನಷ್ಟೇ ಮುಟ್ಟಬೇಕು, ಪ್ರಾಣದ ಸಾಲಿನ ಹತ್ತಿರ ಹೋಗಕೂಡದು.

"ನನ್ನ ಮುಂದ ಆ ಮಾತ ಆಡಬ್ಯಾಡ. ಇಷ್ಟ ವರ್ಷದಾಗ ಒಂದು ಸುಳ್ಳ ಸಾಲ ಬರದಿಲ್ಲ ನಾ. ನೀವೆಲ್ಲಾ ಕೈಯಾಡಿಸಿ ಕೈಯಾಡಿಸಿನ ಅದಕ್ಕ ಇಷ್ಟ ಸೊಕ್ಕ ಬಂದೈತಿ."

ದಾವಲ್ ನಕ್ಕು ಊಟದ ಡಬ್ಬಿ ಎತ್ತಿಕೊಂಡು ಹೋದ.

ಆದರೆ ಅಂದು ಗುರುವಾರ. ಅವಳ ತಮ್ಮ ಗುರುಸಿದ್ಧನಿಗೆ ಹನ್ನೆರಡೂವರೆಗೆ ಡಯಾಲಿಸಿಸ್. ಮನೆಯವರೊಬ್ಬರು ಬಂದು ಸಹಿ ಹಾಕದೆ ಅಲ್ಲಿ ಸೂಜಿ ಚುಚ್ಚುವುದಿಲ್ಲ. ತಡವಾದರೆ ಕುರ್ಚಿ ಮುಂದಿನವರಿಗೆ, ಇವನ ಸರದಿ ಎರಡು ದಿನ ಬಿಟ್ಟು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಅಕ್ಕ ಬಿಟ್ಟರೆ ಯಾರೂ ಇರಲಿಲ್ಲ, ಮದುವೆಯಾಗದ ಅಕ್ಕನಿಗೂ ಅವನೇ. ನೀಲಗಂಗಾ ಮ್ಯಾನೇಜರ್ ಪ್ರಫುಲ್ಲ ಉರಾಳನ ಕೋಣೆಗೆ ಹೋಗಿ ನಿಂತಳು. ಉಡುಪಿ ಕಡೆಯವನು, ಮಾತಿಗೆ ಮುಂಚೆ ನಗುವವನು.

"ಸರ, ನನ್ನ ತಮ್ಮಂದು ಡಯಾಲಿಸಿಸ್ ಐತ್ರಿ. ಗೇಟ್ ತಗಸ್ರಿ. ನಾಳೆ ಎರಡ ತಾಸ ಹೆಚ್ಚ ಕೂತ ತುಂಬಿ ಕೊಡತೀನಿ."

"ಗೇಟು ನನ್ನ ಕೈಯಲ್ಲಿ ಎಲ್ಲಿದೆ ಮೇಡಂ? ಅದು ಗಳಿಗೆಯ ಕೈಯಲ್ಲಿರುವುದು." ಅವನು ತನ್ನ ಪರದೆ ನೋಡಿದ. "ನಿಮಗೆ ಬರೀ ಹದಿನಾಲ್ಕು ನಿಮಿಷ ಕಡಿಮೆ. ಎಂಥದಾದರೂ ಒಂದು ಕಮಿಟ್ ಮಾಡಿಬಿಡಿ, ಆಯ್ತಲ್ಲ."

"ಎಂಥದಾದರೂ ಅಂದ್ರ?"

ಅವನು ನಕ್ಕು ತನ್ನ ಪರದೆಗೆ ಮರಳಿದ.

ಕುರ್ಚಿಗೆ ಮರಳಿದಾಗ ಹನ್ನೊಂದೂ ಐವತ್ತೆರಡು. ಬಣ್ಣದ ಸಾಲು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎಂದೂ ಆ ಗೊಡವೆಗೆ ಹೋದವಳಲ್ಲ. ಕೇಳೋಣವೆಂದರೆ ದಾವಲ್ ಊಟಕ್ಕೆ ಹೋಗಿದ್ದ. ಹದಿನಾಲ್ಕು ನಿಮಿಷ, ಅಂದರೆ ಏಳರಂತೆ ಎರಡು. ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದ ರಕ್ತದೊತ್ತಡದ ಸಾಲುಗಳೇ ಕಣ್ಣೆದುರು ತೆರೆದಿದ್ದವು. ಯಂತ್ರ ಐದೈದು ನಿಮಿಷಕ್ಕೆ ಒತ್ತಡ ನೋಡುತ್ತದೆ, ಎರಡು ಸಲ ಸತತವಾಗಿ ತೀರ ಕಡಿಮೆ ಬಂದರೆ ನೀರು ಬಸಿಯುವುದನ್ನು ನಿಲ್ಲಿಸಿ ಗಂಟೆ ಬಾರಿಸುತ್ತದೆ. ಅವಳು ಆ ಎರಡನ್ನು ಅಳಿಸಿ ಒಂಬತ್ತು ಮಾಡಿ ಕಮಿಟ್ ಒತ್ತಿದಳು. ಏಳು ನಿಮಿಷ ಬಂತು. ಒಂಬತ್ತನ್ನು ಅಳಿಸಿ ಎರಡು ಮಾಡಿ ಮತ್ತೆ ಒತ್ತಿದಳು. ಇನ್ನೇಳು ಬಂದು ಅವಳ ಹೆಸರು ಹಸಿರಾಯಿತು.

ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಪಾಟಿಯನ್ನು ಚೀಲಕ್ಕೆ ತುರುಕಿ ಹೊರಟಳು. ಗೇಟು ತಕರಾರಿಲ್ಲದೆ ತೆರೆಯಿತು.

* * *

"ಬಂದಳಪಾ ನಮ್ಮ ಅಕ್ಕಾ, ಎಂಟನೂರ ಮಷಿನ್ನಿನ ಅವ್ವ" ಎಂದು ಗುರುಸಿದ್ಧ ಕೇಂದ್ರದ ಬಾಗಿಲಲ್ಲೇ ಶುರುಹಚ್ಚಿಕೊಂಡ. "ಸಿಸ್ಟರ, ನೋಡ್ರಿ, ಈಕಿ ಸಿಟ್ಟಿಗೆದ್ಲಂದ್ರ ನಿಮ್ಮ ಮಷಿನ್ ಎಲ್ಲಾ ಬಂದ್ ಬೀಳ್ತಾವ. ಚಾ ಕುಡಿಸಿ ಸಮಾಧಾನ ಮಾಡ್ರಿ."

ದುರ್ಗದಬೈಲಿನ ಬಳಿ ಇಪ್ಪತ್ತು ವರ್ಷ ಮಂಡಕ್ಕಿ ಕಲಸಿ ಕೊಡುವ ಗಿರ್ಮಿಟ್ ಅಂಗಡಿ ಇಟ್ಟವನು ಅವನು. ಅವನ ಕೈಯ ಗಿರ್ಮಿಟ್‌ಗೆ ಎಷ್ಟು ಜನ ಬರುತ್ತಿದ್ದರೋ ಅಷ್ಟೇ ಜನ ಅವನ ಬಾಯಿಗೂ ಬರುತ್ತಿದ್ದರು. ಬೈದರೂ ನಗುತ್ತ ದುಡ್ಡು ಕೊಟ್ಟು ಹೋಗುವಂಥ ಬಾಯಿ. ಕಿಡ್ನಿ ಹೋಗಿ ಉಪ್ಪು, ನೀರು, ಮಿರ್ಚಿ ಎಲ್ಲಾ ಬಿಟ್ಟರೂ ಆ ಬಾಯಿ ಸಪ್ಪಗಾಗಿರಲಿಲ್ಲ.

"ಸುಮ್ನ ಕುಂದ್ರಲೇ. ಎಲ್ಲಾರ ಮುಂದ ಏನಿದು" ಎಂದಳು ನೀಲಗಂಗಾ, ನಗು ತಡೆದುಕೊಂಡು.

"ಖರೇ ಹೇಳ ಅಕ್ಕಾ, ನಿನ್ನ ಮಷಿನ್ ನನ್ನ ನೀರ ಬಸದು ಬಸದು ಒಣಾ ಹಪ್ಪಳಾ ಮಾಡಂಗಿಲ್ಲ ಹೌದಿಲ್ಲೊ?"

"ನಾ ಬರದದ್ದಲೇ ಅದು. ಎರಡ ಸಲ ನೋಡತೈತಿ, ಕಮ್ಮಿ ಬಂತಂದ್ರ ತಾನ ನಿಲ್ಲತೈತಿ. ಹೆದರಬ್ಯಾಡ."

ಸಹಿ ಹಾಕಿದಳು. ನರ್ಸ್ ಸೂಜಿ ಚುಚ್ಚಿದಳು. ಗಾಜಿನಾಚೆ ಮನೆಯವರು ಕೂರುವ ಬೆಂಚಿನ ಮೇಲೆ ನೀಲಗಂಗಾ ಪಾಟಿ ತೆಗೆದಳು. ಇಲ್ಲಿ ಗಳಿಗೆ ಇರಲಿಲ್ಲ, ನಿಮಿಷ ಕದಿಯುವವರಿರಲಿಲ್ಲ. ಬೆಳಿಗ್ಗೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಯೋಚನೆಯ ಎಳೆ ಸಿಕ್ಕಿತು. ಒರೆಸಿದಳು, ಬರೆದಳು, ಒರೆಸಿದಳು. ನಡುವೆ ಒಮ್ಮೆ ತಲೆಯೆತ್ತಿ ನೋಡಿದಾಗ ಗುರುಸಿದ್ಧ ಆಕಳಿಸುತ್ತಿದ್ದ. ಇನ್ನೊಮ್ಮೆ ನೋಡಿದಾಗ ಕಣ್ಣು ಮುಚ್ಚಿದ್ದ. ನಿದ್ದೆ ಹತ್ತಿತಲ್ಲ, ಪಾಪ, ಎಂದುಕೊಂಡು ಪಾಟಿಗೆ ಮರಳಿದಳು.

ಮೂರೂ ಹತ್ತಕ್ಕೆ ಯಂತ್ರ ಗಂಟೆ ಬಾರಿಸಿತು. ನರ್ಸ್ ಆಚೆ ತುದಿಯಿಂದ ಓಡಿಬಂದಳು. ಗುರುಸಿದ್ಧನ ಕಾಲು ಮೇಲಕ್ಕೆತ್ತಿ, ಸಲೈನ್ ಬಿಟ್ಟು, ಡಾಕ್ಟರನ್ನು ಕೂಗಿದಳು. ನೀಲಗಂಗಾ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವನು ಕಣ್ಣು ತೆರೆದಿದ್ದ. ಏನೋ ಹೇಳಲು ಹೋದ. ಬಾಯಿಯ ಒಂದು ಬದಿಯಷ್ಟೇ ಅಲುಗಿತು.

ಯಂತ್ರದ ಪರದೆ ನರ್ಸ್ ಕೂರುವ ಕಡೆಗೆ ಮುಖ ಮಾಡಿತ್ತು. ನೀಲಗಂಗಾ ಸುತ್ತು ಹಾಕಿ ಬಂದು ನೋಡಿದಳು. ರಕ್ತದೊತ್ತಡ ನೆಲ ಕಂಡು ನಲವತ್ತೈದು ನಿಮಿಷವಾಗಿತ್ತು. ಒಂಬತ್ತು ಸಲ ಅಳೆದು, ಒಂಬತ್ತು ಸಲವೂ ಕಡಿಮೆ ಎಂದು ಬರೆದುಕೊಂಡು, ಯಂತ್ರ ಆ ನಲವತ್ತೈದು ನಿಮಿಷವೂ ನೀರು ಬಸಿಯುತ್ತಲೇ ಇತ್ತು.

ಒಂಬತ್ತು ಎಂಬುದು ಕಣ್ಣಿಗೆ ಬಿದ್ದಾಗ ಅವಳಿಗೆ ಬೆಳಗಿನ ತನ್ನ ಕಮಿಟ್ ನೆನಪಾಯಿತು. ಮರುಕ್ಷಣವೇ ತನ್ನನ್ನು ತಾನು ಗದರಿಕೊಂಡಳು. ವಾಪಸ್ ಎರಡು ಮಾಡಿದ್ದೆನಲ್ಲ. ಹಸಿರು ನೋಡಿಯೇ ಎದ್ದೆನಲ್ಲ. ಬೇರೆ ಯಾವನೋ ಮುಟ್ಟಿದ್ದಾನೆ. ಯಾವನೋ ನನ್ನ ಸಾಲಿಗೆ ಕೈ ಹಾಕಿದ್ದಾನೆ.

ನರ್ಸಿನ ಫೋನು ಕಸಿದುಕೊಂಡು ಕಚೇರಿಗೆ ಹಚ್ಚಿದಳು. "ಎಂಟನೂರೂ ಮಷಿನ್ನಿಗೆ ನಿನ್ನಿ ಪ್ರೋಗ್ರಾಮ್ ವಾಪಸ್ ಕಳಸ್ರಿ, ಈಗಿಂದೀಗ" ಎಂದು ಅರಚಿದಳು. ಕಳಿಸಿದರು. ಉಳಿದ ಊರುಗಳಲ್ಲಿ ಅಂದು ಯಾರಿಗೂ ಏನೂ ಆಗಲಿಲ್ಲ. ಆದದ್ದು ಅವಳ ತಮ್ಮನಿಗೊಬ್ಬನಿಗೆ.

* * *

ಹನ್ನೊಂದನೆಯ ದಿನ ಗುರುಸಿದ್ಧನನ್ನು ಮನೆಗೆ ಕರೆತಂದಳು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯಬೇಕಿತ್ತು. ತಲೆಯಲ್ಲಿ ಮಾತೆಲ್ಲ ಇದ್ದ ಹಾಗೇ ಇದೆ, ನಾಲಿಗೆಗೆ ಬರುವುದಿಲ್ಲ, ಬಂದರೂ ವರ್ಷಗಟ್ಟಲೆ ಹಿಡಿಯುತ್ತದೆ ಎಂದಿದ್ದರು ಡಾಕ್ಟರು. ಆ ಬಾಯಿಂದ ಈಗ 'ಬ' ಎಂಬ ಒಂದು ಸದ್ದು ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ನೀರು ಬೇಕೆಂದರೂ ಅದೇ, ಬೇಡವೆಂದರೂ ಅದೇ. ಅಂಗಡಿಗೆ ಬರುತ್ತಿದ್ದ ಹಳೆಯ ಗಿರಾಕಿಗಳು ನೋಡಲು ಬಂದರು. ಅವನು ಬೈಯಲಿ ಎಂದು ಕಾಯುತ್ತ ಕೂತು, ಕೊನೆಗೆ ಕಣ್ಣೊರೆಸಿಕೊಂಡು ಎದ್ದುಹೋದರು.

ನೀಲಗಂಗಾ ಅವನ ಎಡಗೈಗೆ ತನ್ನ ಪಾಟಿ ಮತ್ತು ಬಳಪ ಕೊಟ್ಟಳು. ಎಡಗೈಯಲ್ಲಿ ಬರೆದು ರೂಢಿಯಿಲ್ಲದವನು. ಬಳಪ ಜಾರಿತು, ಮುರಿಯಿತು, ಇನ್ನೊಂದು ಕೊಟ್ಟಳು. ಬಹಳ ಹೊತ್ತು ತಿಣುಕಿ ಅವನು ಒಂದೇ ಒಂದು ಪದ ಬರೆದ.

'ಯಾರ?'

ಯಾರು ಮಾಡಿದ್ದು ಎಂದು ಕೇಳುತ್ತಿದ್ದ. ಅಕ್ಕನಿಗೆ ಗೊತ್ತಾಗಿಯೇ ಆಗುತ್ತದೆಂದು ಅವನಿಗೆ ನಂಬಿಕೆ.

"ಹುಡಕತೀನಿ" ಎಂದಳು ನೀಲಗಂಗಾ. "ಯಾಂವ ಇದ್ರೂ ಬಿಡಂಗಿಲ್ಲ. ನಿನ್ನ ಮುಂದ ತಂದ ನಿಲ್ಲಸ್ತೀನಿ, ತಮ್ಮಾ. ಚರ್ಮಾ ಸುಲೀತೀನಿ ಅವಂದು."

* * *

ಸೋಮವಾರ ಅವಳು ಕಚೇರಿಗೆ ಹೋದಾಗ ದಾವಲ್‌ನ ಕುರ್ಚಿ ಖಾಲಿ ಇತ್ತು. ನಾಲ್ಕು ದಿನದ ಹಿಂದೆ ಅವನ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸಿದ್ದರು.

"ಅವನೇ ಇರಬೇಕು ಮೇಡಂ" ಎಂದ ಉರಾಳ. ಇವತ್ತು ಅವನ ಮುಖದಲ್ಲಿ ನಗು ಇರಲಿಲ್ಲ. "ಆ ಮನುಷ್ಯ ತಿಂಗಳಿಗೆ ಮುನ್ನೂರು ಸುಳ್ಳು ಕಮಿಟ್ ಮಾಡಿದ್ದಾನೆ, ಗೊತ್ತುಂಟಾ? ನಾಡಿದ್ದು ವಿಚಾರಣೆ ಮಂಡಳಿಯವರು ಬರುತ್ತಾರೆ. ಅವರ ಮುಂದೆ ನೀವೇ ಹೇಳಿದರೆ ಒಳ್ಳೆಯದು. ನಿಮ್ಮ ಮಾತಿಗೆ ತೂಕ ಇರುತ್ತದೆ."

ಹನ್ನೊಂದು ದಿನ ಒಳಗೇ ಕುದಿಯುತ್ತಿದ್ದ ಸಿಟ್ಟಿಗೆ ಒಂದು ಹೆಸರು ಸಿಕ್ಕಿತು. ಎಷ್ಟು ಸಲ ಹೇಳಿದ್ದಳು ಅವನಿಗೆ. ನಗುತ್ತಿದ್ದ, ಮೂರ್ಖ. ಹೆಸರು ಸಿಕ್ಕರೆ ಸಾಲದು, ಸಾಲನ್ನೇ ತೋರಿಸಬೇಕು ಎಂದುಕೊಂಡು ಭಂಡಾರ ತೆರೆದಳು. ಆ ಗುರುವಾರದ ದಿನ, ರಕ್ತದೊತ್ತಡದ ಕಡತ, ಸಾಲು ಇನ್ನೂರಾ ಹನ್ನೊಂದು. ಯಾರು ಮುಟ್ಟಿದರು ಹೇಳು ಎಂದು ಕೇಳಿದಳು.

ಭಂಡಾರ ಒಂದೇ ಹೆಸರು ತೋರಿಸಿತು. ಹನ್ನೊಂದೂ ಐವತ್ನಾಲ್ಕು, ಎರಡು ಹೋಗಿ ಒಂಬತ್ತು, ನೀಲಗಂಗಾ ಬೆಟಗೇರಿ.

ಅದರ ಕೆಳಗೆ ಏನೂ ಇರಲಿಲ್ಲ. ಒಂಬತ್ತು ಹೋಗಿ ಎರಡು ಆಗಿದ್ದ ಸಾಲು ಅಲ್ಲಿರಲಿಲ್ಲ.

ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ. ಎಲ್ಲಾ ಕಡೆ ತಡಕಾಡಿ, ಕೊನೆಗೆ ತನ್ನ ಎರಡನೆಯ ಕಮಿಟ್ಟನ್ನು ಗಳಿಗೆಯ 'ಅನುಮಾನದ ಸಾಲು' ಎಂಬ ಮೂಲೆಯಲ್ಲಿ ಕಂಡಳು. ಆ ಗುರುವಾರಕ್ಕೆ ಹಿಂದಿನ ಸೋಮವಾರ ಒಂದು ಸುತ್ತೋಲೆ ಬಂದಿತ್ತು. ಕೈಯಾಡಿಸುವವರನ್ನು ಹಿಡಿಯಲು ಗಳಿಗೆಗೆ ಹೊಸ ಬುದ್ಧಿ ಕಲಿಸಲಾಗಿದೆ. ಮಾಡಿದ ಬದಲಾವಣೆಯನ್ನು ಯಾರಾದರೂ ಹತ್ತು ನಿಮಿಷದೊಳಗೆ ಮೊದಲಿನಂತೆ ಮಾಡಿದರೆ ಆ ಎರಡನೆಯದನ್ನು ಮ್ಯಾನೇಜರ್ ನೋಡಿ ಒಪ್ಪುವವರೆಗೆ ತಡೆಹಿಡಿಯುತ್ತದೆ, ನಿಮಿಷದ ಲೆಕ್ಕ ವಾರದ ಕೊನೆಗೆ ಸರಿಯಾಗುತ್ತದೆ ಎಂದು ಅದರಲ್ಲಿತ್ತು. ಸುತ್ತೋಲೆ ಓದಿದರೆ ಗಳಿಗೆಯಲ್ಲಿ ಸೊನ್ನೆ. ಹಾಗಾಗಿ ಕಚೇರಿಯಲ್ಲಿ ಯಾರೂ ಓದಿರಲಿಲ್ಲ, ಅವಳೂ ಓದಿರಲಿಲ್ಲ. ಅವತ್ತು ನಿಮಿಷ ಬಂತು, ಗೇಟು ತೆರೆಯಿತು, ಎರಡು ಎಂಬ ಅಂಕಿ ಬಾಗಿಲಲ್ಲೇ ನಿಂತಿತು. ಹನ್ನೆರಡಕ್ಕೆ, ದಿನಾ ಹೋಗುವಂತೆ, ಭಂಡಾರದಲ್ಲಿದ್ದದ್ದು ಎಂಟುನೂರು ಯಂತ್ರಕ್ಕೂ ಹೋಯಿತು. ಒಂದಂಕಿಯ ಬದಲಾವಣೆಗೆ ಪರೀಕ್ಷೆ ಬೇಡವೆಂದು ಆರು ತಿಂಗಳ ಹಿಂದೆಯೇ ಆಗಿತ್ತು, ಪರೀಕ್ಷೆಗೆ ಕಾಯುವ ಹೊತ್ತು ಖಾಲಿ ಹೊತ್ತಲ್ಲವೇ.

ಅನುಮಾನದ ಸಾಲಿನಲ್ಲಿ ಅವಳದರ ಜೊತೆ ಇನ್ನೂ ನೂರಾ ತೊಂಬತ್ತು ಕಮಿಟ್‌ಗಳು ಕೊಳೆಯುತ್ತಿದ್ದವು. ದಾವಲ್‌ನವೇ ಬಹಳ, ಎಲ್ಲವೂ ಬಣ್ಣದವು. ಒಂದನ್ನೂ ಯಾರೂ ತೆರೆದು ನೋಡಿರಲಿಲ್ಲ.

ನೀಲಗಂಗಾ ಎದ್ದು ನೇರ ಉರಾಳನ ಕೋಣೆಗೆ ನುಗ್ಗಿದಳು.

"ನಿನಗ ಗೊತ್ತಿತ್ತು" ಎಂದಳು. ಬಹುವಚನ ಬಿಟ್ಟುಹೋಗಿತ್ತು. "ಒಂಬತ್ತ ಮಾಡಿದ್ದು ನಾ ಅಂತ ನಿನಗ ಗೊತ್ತಿತ್ತು."

ಅವನು ಎದ್ದು ಬಾಗಿಲು ಹಾಕಿದ. "ಮೊನ್ನೆ ಗೊತ್ತಾಯಿತು. ಕೂತುಕೊಳ್ಳಿ."

"ನನ್ನ ಕಮಿಟ್ ನಿನ್ನ ಮುಂದ ಬಿದ್ದಿತ್ತು. ಒಂದ ಸಲ ಒತ್ತಿದ್ರ ಮುಗೀತಿತ್ತು. ಐದ ನಿಮಿಷ ಇತ್ತಲ್ಲೋ ಹನ್ನೆರಡಾಗಾಕ. ಯಾಕ ನೋಡಲಿಲ್ಲ?"

"ಅದನ್ನು ನೋಡುತ್ತ ಕೂತರೆ ನನ್ನ ಹೊತ್ತು ಯಾರು ತುಂಬಿಸುತ್ತಾರೆ ಮೇಡಂ? ನನ್ನ ಹೆಸರೂ ಆ ಪರದೆ ಮೇಲೇ ಇರುವುದು." ಅವನು ದನಿ ತಗ್ಗಿಸಿದ. "ಈಗ ಆದದ್ದಾಯಿತು. ಕೇಳಿ. ಭಂಡಾರದ ಚರಿತ್ರೆ ಅಳಿಸಿ ಬರೆಯುವ ಅಧಿಕಾರ ಇರುವುದು ಇಬ್ಬರಿಗೆ, ಒಂದು ಕೀಲಿ ನನ್ನದು, ಒಂದು ನಿಮ್ಮದು. ಎರಡೂ ಸೇರಿದರೆ ಆ ಸಾಲಿನಿಂದ ನಿಮ್ಮ ಹೆಸರು ಹೋಗುತ್ತದೆ. ಅನುಮಾನದ ಸಾಲೂ ಹೋಗುತ್ತದೆ. ದಾವಲ್ ಹೇಗಿದ್ದರೂ ಹೋದವನು. ನಿಮ್ಮ ತಮ್ಮನ ಮುಂದೆ ನೀವು ತಲೆಯೆತ್ತಿ ನಿಲ್ಲುವುದು ಬೇಡವೇ?"

ಕೊನೆಯ ಮಾತು ಅವಳಿಗೆ ನೆಟ್ಟಗೆ ತಾಗಿತು. ಕುರ್ಚಿ ಎಳೆದುಕೊಂಡು ಕೂತಳು. ಸುಳ್ಳೇಕೆ ಹೇಳುವುದು, ಅವಳಿಗೆ ಆಸೆಯಾಯಿತು. ಕೆಲಸದ ಮೇಲಿನ ಆಸೆಯಲ್ಲ. ಆ 'ಯಾರ?' ಎಂಬುದಕ್ಕೆ ಬೇರೊಂದು ಹೆಸರು ಹೇಳಿಬಿಡುವ ಆಸೆ. ಗುರುಸಿದ್ಧ ನಂಬುತ್ತಾನೆ. ಅವಳು ಹೇಳಿದರೆ ಏನನ್ನೂ ನಂಬುತ್ತಾನೆ. ಗಾಜಿನಾಚೆ ಪರದೆಯ ಮೇಲೆ ಅವಳ ಹೆಸರಿನ ಕೆಂಪು ಪಟ್ಟಿ ಒಂದೊಂದೇ ನಿಮಿಷ ಬೆಳೆಯುತ್ತಿತ್ತು. ಇಪ್ಪತ್ತು ನಿಮಿಷ ಹಾಗೇ ಬೆಳೆಯಿತು. ದಾವಲ್‌ನ ಮನೆಯ ತೊಟ್ಟಿಲಶಾಸ್ತ್ರಕ್ಕೆ ಹೋಗಿ ಅವಳಿಗಳಲ್ಲಿ ಯಾವುದು ಯಾವುದೆಂದು ಗೊತ್ತಾಗದೆ ಒಂದಕ್ಕೇ ಎರಡು ಸಲ ಕಾಡಿಗೆ ಹಚ್ಚಿದ್ದು ನೆನಪಾಯಿತು.

"ನನ್ನ ಕೀಲಿ ಕೊಡಂಗಿಲ್ಲ" ಎಂದಳು.

"ಯೋಚನೆ ಮಾಡಿ ಮೇಡಂ."

"ಮಾಡಿದ್ನೆಲ್ಲೋ, ಇಷ್ಟೊತ್ತನ. ನೋಡಲ್ಲಿ, ನಿನ್ನ ಗೋಡಿ ಅದಕ್ಕೂ ಖಾಲಿ ಅಂತ ಬರಕೊಂಡೈತಿ."

* * *

ವಿಚಾರಣೆಗೆ ಬಂದವರು ಮೂವರು. ನೀಲಗಂಗಾ ಭಂಡಾರದ ಚರಿತ್ರೆಯನ್ನು ಅವರ ಮುಂದೆ ತೆರೆದಿಟ್ಟು, ಮೊದಲು ತನ್ನ ಹೆಸರಿದ್ದ ಸಾಲು ಓದಿದಳು. ಆಮೇಲೆ ಅನುಮಾನದ ಸಾಲು. ಆಮೇಲೆ ಎಂಟು ತಿಂಗಳಲ್ಲಿ ಕಚೇರಿಯವರೆಲ್ಲ ಸೇರಿ ಇನ್ನೊಬ್ಬರ ಕೆಲಸ ಓದಿ ತಿದ್ದಿದ ಹೊತ್ತು ಎಷ್ಟೆಂದು ಗಳಿಗೆಯನ್ನೇ ಕೇಳಿ ತೋರಿಸಿದಳು. ಸೊನ್ನೆ ಎಂದು ಬಂತು.

"ತಪ್ಪು ನಂದು" ಎಂದಳು. "ನಾ ತಪ್ಪಸ್ಕೊಳ್ಳಾಕ ಬಂದಿಲ್ರಿ. ಆದ್ರ ಪ್ರಾಣದ ಸಾಲಿಗೆ ಏಳ ನಿಮಿಷ, ಬಣ್ಣಕ್ಕ ಎರಡು ಅಂತ ಆಸೆ ಹಚ್ಚಿದವರ ಯಾರು? ನನ್ನ ಮನಿಗೆ ಕಳಸ್ರಿ, ಜೇಲಿಗೆ ಕಳಸ್ರಿ. ಇದನ್ನ ಗೋಡಿ ಮ್ಯಾಲೆ ಹಂಗ ಬಿಟ್ಟ ಹೋದ್ರ ಮುಂದಿನ ಗುರುವಾರ ಇನ್ನೊಬ್ಬಾಕಿ ತಮ್ಮ ಕುಂದರತಾನ ಆ ಕುರ್ಚಿ ಮ್ಯಾಲೆ."

ಅವಳನ್ನು ಕೆಲಸದಿಂದ ತೆಗೆದರು. ಉರಾಳನನ್ನು ಬೇರೆ ಊರಿಗೆ ಹಾಕಿದರು. ಗಳಿಗೆಯನ್ನು 'ಪರಿಶೀಲನೆ ಮುಗಿಯುವವರೆಗೆ' ನಿಲ್ಲಿಸಿದರು, ಪರದೆಯನ್ನು ಗೋಡೆಯಿಂದ ಇಳಿಸಲಿಲ್ಲ. ದಾವಲ್‌ಗೆ ಕಾರ್ಡು ಮರಳಿ ಬಂತು. ಗೇಟಿನ ಹತ್ತಿರ ಅವನು ಸಿಕ್ಕ.

"ಬಣ್ಣದ ಸಾಲ ಎಲ್ಲೈತಿ ಅಂತ ನನ್ನ ಒಂದ ಮಾತ ಕೇಳಿದ್ರ ಆಗತಿತ್ತಲ್ರಿ ಅಕ್ಕಾರ" ಎಂದ. "ನಾನೂ ಮನಶ್ಯಾನ ಇದ್ನೆಲ್ರಿ."

ನೀಲಗಂಗಾ ಅವನ ಕೈ ಹಿಡಿದುಕೊಳ್ಳಲು ಹೋದಳು. ಅವನು ಕೈ ಕೊಡದೆ ಒಳಗೆ ಹೋದ.

* * *

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಗುರುಸಿದ್ಧ ಗೋಡೆಗೆ ಒರಗಿ ಕೂತಿದ್ದ. ಪಾಟಿ ತೊಡೆಯ ಮೇಲಿತ್ತು. ಅಕ್ಕ ಒಳಗೆ ಬ್ಯಾಗು ಇಡುವ ಮುಂಚೆಯೇ ಅದನ್ನು ಎತ್ತಿ ತೋರಿಸಿದ. 'ಯಾರ?'

ನೀಲಗಂಗಾ ಅವನೆದುರು ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ಎಲ್ಲಿಂದ ಶುರುಮಾಡುವುದೆಂದು ಯೋಚಿಸಿದ್ದಳು. ಸುತ್ತೋಲೆಯಿಂದಲೋ, ಗೇಟಿನಿಂದಲೋ, ಅವನ ಕುರ್ಚಿ ತಪ್ಪಬಾರದೆಂಬ ಅವಸರದಿಂದಲೋ. ಅವನ ಮುಖ ನೋಡಿದ ಮೇಲೆ ಅದಾವುದೂ ನಾಲಿಗೆಗೆ ಬರಲಿಲ್ಲ.

"ನಾನ" ಎಂದಳು.

ಅವನಿಗೆ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿದ.

"ನಾನ, ತಮ್ಮಾ. ಹೊರಗ ಬರಾಕ ನಿಮಿಷ ಕಮ್ಮಿ ಬಿದ್ದಿದ್ವು. ತುಂಬಸಾಕಂತ ಒಂದ ಅಂಕಿ ತಿರುವಿ ಹಾಕಿದೆ. ವಾಪಸ್ ಸರಿ ಮಾಡಿದ್ದೆ, ಅದು ಹೋಗಲಿಲ್ಲ. ನೋಡದ ಎದ್ದ ಬಂದೆ. ನೀ ಒಳಗ ಹಂಗ ಆಗಬೇಕಾದ್ರ ನಾ ಹೊರಗ ಪಾಟಿ ಹಿಡಕೊಂಡ ಕೂತಿದ್ದೆ."

ಗುರುಸಿದ್ಧ ಅವಳನ್ನೇ ನೋಡಿದ. ಬಾಯಿ ತೆರೆದ. 'ಬ' ಎಂದ. ಮತ್ತೆ 'ಬ, ಬ' ಎಂದ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಕೆಂಪಾಯಿತು. ಇಪ್ಪತ್ತು ವರ್ಷ ಊರಿಗೆಲ್ಲ ಬೈದವನಿಗೆ ಇವತ್ತು ಬೈಯಲೇಬೇಕಾದ ಒಂದು ಮಾತು ಹೊರಡಲಿಲ್ಲ. ಎಡಗೈಯಿಂದ ನೆಲ ಗುದ್ದಿದ. ನೀರಿನ ಲೋಟ ಉರುಳಿತು. ಅವಳು ಎತ್ತಲು ಹೋಗಲಿಲ್ಲ.

ಆಮೇಲೆ ಅವನು ಅಂಗೈಯಿಂದ ಪಾಟಿ ಒರೆಸಿ ಬಳಪ ಹಿಡಿದ. ಒಂದೊಂದು ಅಕ್ಷರಕ್ಕೂ ನಿಂತು, ಉಸಿರು ತೆಗೆದುಕೊಂಡು, ತಪ್ಪಿದ್ದನ್ನು ಉಜ್ಜಿ ಮತ್ತೆ ಬರೆದ. ಹೊಸ್ತಿಲ ಮೇಲಿದ್ದ ಬಿಸಿಲು ಅವನ ಕಾಲಿನವರೆಗೆ ಬಂತು. ನೀಲಗಂಗಾ ಅಲುಗದೆ ಕಾದಳು. ಕೊನೆಗೆ ಅವನು ಪಾಟಿ ತಿರುಗಿಸಿದ.

'ಎಷ್ಟ ನಿಮಿಷಕ್ಕ?'

"ಹದಿನಾಲ್ಕು" ಎಂದಳು.

ಅಷ್ಟಕ್ಕೆ ಅವನು ಬಿಡಲಿಲ್ಲ. ಬಳಪವನ್ನು ಅವಳ ಕಡೆಗೆ ಚಾಚಿ, ಪಾಟಿಯ ಮೇಲೆ ಬೆರಳಿಟ್ಟು, ಬರೆ ಎಂಬಂತೆ ಕುಟ್ಟಿದ. ಅವಳು ಅವನ ಸೊಟ್ಟ ಅಕ್ಷರಗಳ ಕೆಳಗೆ ಹದಿನಾಲ್ಕು ಎಂದು ಬರೆದಳು. ಅವನು ಇನ್ನೂ ಕುಟ್ಟುತ್ತಿದ್ದ. ಅದರ ಪಕ್ಕದಲ್ಲಿ ತನ್ನ ಹೆಸರನ್ನೂ ಬರೆದಳು.

ಗುರುಸಿದ್ಧ ಪಾಟಿಯನ್ನು ಕಿತ್ತುಕೊಂಡು, ಅವಳು ದಿನಾ ಊಟಕ್ಕೆ ಕೂರುವ ಜಾಗಕ್ಕೆ ಎದುರಾಗಿ ಗೋಡೆಗೆ ಒರಗಿಸಿ ನಿಲ್ಲಿಸಿದ. ಒರೆಸುವ ಬಟ್ಟೆ ಅವನ ಹತ್ತಿರವೇ ಬಿದ್ದಿತ್ತು. ಅದನ್ನು ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡ.